ನಾವು ಕಾರು ಮಾರಿದ್ದು

ಕೊಂಡ ಕಥೆಯನ್ನು ಹೇಳುವವರು ಬಹಳ ಮಂದಿ. ಮಾರಿದ ಕಥೆಯನ್ನು ಹೇಳುವವರು ಕಡಿಮೆ. ಹೊಸ ಮೋಟಾರು ಮನೆಯ ಮುಂದೆ ಬಂದು ನಿಂತ ದಿನ ತೆಂಗಿನಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ನೆರೆಹೊರೆಗೆಲ್ಲ ಪೇಡೆ ಹಂಚುತ್ತೇವೆ. ಅದೇ ಗಾಡಿ ಮನೆ ಬಿಟ್ಟು ಹೋಗುವಾಗ ಮಾತ್ರ ಕತ್ತಲಾದ ಮೇಲೆ ಹೋದರೆ ಚೆನ್ನಾಗಿತ್ತು ಎನಿಸುತ್ತದೆ. ಸಂಘದ ಕಾರ್ಯಕ್ರಮಕ್ಕೆ ಹೋದಾಗ ಯಾರಾದರೂ "ಏನ್ರೀ, ಗಾಡಿ ಕಾಣಲಿಲ್ಲಲ್ಲ?" ಎಂದರೆ "ಸರ್ವಿಸಿಗೆ ಬಿಟ್ಟೀವ್ರಿ" ಎಂದು ಜಾರಿಕೊಳ್ಳುತ್ತೇವೆ. 2024ರ ಶ್ರಾವಣದಲ್ಲಿ ನಾವೂ ಎರಡು ಸಲ ಹಾಗೆಯೇ ಹೇಳಿದೆವು. ಮೂರನೆಯ ಸಲ ಹೇಳಲು ನಾಚಿಕೆಯಾಗಿ ನಿಜವನ್ನೇ ಹೇಳಿಬಿಟ್ಟೆವು. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನ್ನು ಪಕ್ಕಕ್ಕೆ ಕರೆದು, "ನಮ್ದೂ ಮಾರೂ ಪ್ರಸಂಗ ಬಂದೈತ್ರಿ. ಹೆಂಗ ಮಾರಿದ್ರಿ, ಸ್ವಲ್ಪ ಹೇಳ್ರಿ" ಎಂದರು. ಈ ಬರಹ ಅವರ ಸಲುವಾಗಿ. ಅವರಷ್ಟು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಉಳಿದವರ ಸಲುವಾಗಿಯೂ.

ಮೊದಲು ಗಾಡಿಯ ಪರಿಚಯವಾಗಲಿ. ನಮ್ಮದು ಫಿಯಾಟ್ ಲಿನಿಯಾ, ಅದರಲ್ಲಿಯೂ ಟಿ-ಜೆಟ್ ಎಂಬ ಬಗೆ, 2014ರಲ್ಲಿ ತಯಾರಾದದ್ದು, ಬಿಳಿಯ ಬಣ್ಣ. ಈ ಲಿನಿಯಾ 2007ರಲ್ಲಿ ತುರ್ಕಸ್ಥಾನದಲ್ಲಿ ಮೊದಲು ಬೀದಿಗಿಳಿದು, 2009ರ ಜನವರಿಯಲ್ಲಿ ನಮ್ಮ ದೇಶಕ್ಕೆ ಬಂದಿತು. ಇಲ್ಲಿಯ ಗಾಡಿಗಳು ಹುಟ್ಟಿದ್ದು ನಮ್ಮ ಪುಣೆಯ ಮಗ್ಗುಲಲ್ಲಿಯೇ, ನಗರ ರಸ್ತೆಯ ಮೇಲಿರುವ ರಾಂಜಣಗಾಂವದಲ್ಲಿ. ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಊರು ಅದು. ವಿಘ್ನನಿವಾರಕನ ಊರಿನ ಗಾಡಿ ಎಂದು ನಮಗೆ ಒಂದಿಷ್ಟು ಹೆಮ್ಮೆಯೂ ಇತ್ತು, ಧೈರ್ಯವೂ ಇತ್ತು.

ಇಂಥ ಗಾಡಿಗಳಿಗೆ ಸ್ಪೋರ್ಟ್ಸ್ ಸೆಡಾನ್ ಎನ್ನುತ್ತಾರೆ. ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥರ ಗಾಡಿ. ಹಿಂದಿನ ಡಿಕ್ಕಿಯಲ್ಲಿ 500 ಲೀಟರಿನಷ್ಟು ಜಾಗ. ಒಂದು ಚೀಲ ಜೋಳ, ಎರಡು ಡಬ್ಬಿ ಚಕ್ಕುಲಿ, ಸುಗ್ಗಿಯಲ್ಲಿ ಒಂದು ಪೆಟ್ಟಿಗೆ ಆಪೂಸು ಮಾವು, ಎಲ್ಲಕ್ಕೂ ಸಲುವುದು. ಆದರೆ ಮುಂದಿನ ಮುಚ್ಚಳ ಎತ್ತಿದರೆ ಅಲ್ಲಿರುವುದು ಜಾತ್ರೆಯ ಓಟದ ಹೋರಿ. ಎಂಜಿನ್ನು ಬರಿಯ 1368 ಸಿಸಿ. ಅದಕ್ಕೊಂದು ಟರ್ಬೋ. ಹೊರಗೆ ಹೋಗುವ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತುತ್ತದೆ; ಗಾಳಿ ಹೆಚ್ಚಿದಂತೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಹಾಗಾಗಿ ಈ ಸಣ್ಣ ಎಂಜಿನ್ನಿಗೆ 114 ಕುದುರೆಗಳ ಬಲ. ಎರಡು ಸಾವಿರ ಸುತ್ತಿನ ಕೆಳಗೆ ಅದು ಸೋಮಾರಿ, ಸಿಗ್ನಲ್ಲಿನಲ್ಲಿ ರಿಕ್ಷಾದವರೂ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಎರಡು ಸಾವಿರ ದಾಟಿತೋ, ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ! ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು ಇದ್ದುದರಿಂದ ನಿಲ್ಲುವುದೂ ಅಷ್ಟೇ ಚೊಕ್ಕ.

2018ರಲ್ಲಿ ಧಾರವಾಡದ ಒಬ್ಬ ಡಾಕ್ಟರರಿಂದ 3,60,000 ರೂಪಾಯಿಗೆ ಕೊಂಡೆವು. ಒಂದು ಲಕ್ಷ ಕೈಯಿಂದ, ಉಳಿದದ್ದು ನಾಲ್ಕು ವರ್ಷದ ಸಾಲ. ಆಗ ಅದರ ನಂಬರು ಕೆಎ 25, ಧಾರವಾಡದ್ದು. ಎಂಎಚ್ 12, ಎಂಎಚ್ 14ಗಳ ಸಾಲಿನಲ್ಲಿ ಆ ಫಲಕವೊಂದು ನಿಂತಿದ್ದರೆ ಪರವೂರಿನ ಸಂತೆಯಲ್ಲಿ ನಮ್ಮೂರಿನವರು ಸಿಕ್ಕಂತೆ. ನಿಗಡಿಯ ಪೆಟ್ರೋಲು ಬಂಕಿನಲ್ಲಿ ಗುರುತಿಲ್ಲದವರು "ಧಾರವಾಡದವರೇನ್ರೀ?" ಎಂದು ಮಾತನಾಡಿಸಿದ್ದುಂಟು. ಆದರೆ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಹೊಸ ನಂಬರು ಪಡೆಯಲೇಬೇಕೆಂದು ಮೋಟಾರು ಕಾನೂನು ಹೇಳುತ್ತದೆ. ಇಲ್ಲಿಯ ತೆರಿಗೆ ಕಟ್ಟಿ ಎಂಎಚ್ 14 ಮಾಡಿಸಿಕೊಂಡೆವು. ಊರು ಬಿಟ್ಟು ಬಂದವರ ಮೇಲೆ ಕಾಲ ಮಾಡುವ ಕೆಲಸವನ್ನೇ ಗಾಡಿಯ ಮೇಲೆ ಆರ್.ಟಿ.ಓ. ಮಾಡಿತು ಎಂದು ಸಮಾಧಾನಪಟ್ಟುಕೊಂಡೆವು.

ಆ ಆರು ವರ್ಷ ನಮಗೆ ಊರು ಹತ್ತಿರವಾಗಿತ್ತು. ಪುಣೆಯಿಂದ ಧಾರವಾಡ ಸುಮಾರು 420 ಕಿಲೋಮೀಟರು. ನಸುಕಿನ ನಾಲ್ಕಕ್ಕೆ ಬುತ್ತಿ ಕಟ್ಟಿಕೊಂಡು ಹೊರಟರೆ ಕಾತ್ರಜದ ಸುರಂಗ ದಾಟುವಾಗ ಮಗಳು ಹಿಂದೆ ನಿದ್ದೆ ಹೋಗಿರುತ್ತಿದ್ದಳು. ಖಂಬಾಟಕಿ ಘಟ್ಟದ ಏರು ಬಂದಾಗ ಮೂರನೆಯ ಗಿಯರಿಗೆ ಇಳಿಸಿ ಕಾಲು ಒತ್ತಿದರೆ ಟರ್ಬೋದ ಸೀಟಿ ತೆಳ್ಳಗೆ ಕೇಳುವುದು. ಲಾರಿಗಳೆಲ್ಲ ಉಸಿರು ಬಿಡುತ್ತ ಹತ್ತುವ ಆ ಏರನ್ನು ನಮ್ಮ ಗಾಡಿ ಹಾಡಿಕೊಂಡು ಹತ್ತುತ್ತಿತ್ತು. ಮರಳಿ ಬರುವಾಗ ಈ ಸುಖವಿರಲಿಲ್ಲ, ಪುಣೆಯತ್ತ ಬರುವವರಿಗೆ ಆಗ ಅಲ್ಲಿ ಸುರಂಗ. ಹೋಗುವವರಿಗೆ ಘಟ್ಟ, ಬರುವವರಿಗೆ ಸುರಂಗ ಎಂಬ ಏರ್ಪಾಡನ್ನು ಮಾಡಿದ ಇಂಜಿನಿಯರು ತವರಿಗೆ ಹೋಗುವವರ ಮನಸ್ಸನ್ನು ತಿಳಿದವನೇ ಇರಬೇಕು! ಸಾತಾರಾ, ಕರಾಡ, ಕೊಲ್ಹಾಪುರ. ಕೊಗನೊಳ್ಳಿಯ ಟೋಲು ಬಂದರೆ ಕನ್ನಡದ ಫಲಕಗಳು. ಮುಂದೆ ನಿಪ್ಪಾಣಿ, ತವಂದಿ ಘಟ್ಟ, ಸಂಕೇಶ್ವರ, ಬೆಳಗಾವಿ. ಮಧ್ಯಾಹ್ನದ ಊಟಕ್ಕೆ ಧಾರವಾಡ. ಗಾಡಿ ಓಣಿಯ ತಿರುವಿನಲ್ಲಿರುವಾಗಲೇ ಅವ್ವ ಸಪ್ಪಳ ಗುರುತು ಹಿಡಿದು ಗೇಟಿನ ಎರಡೂ ಬಾಗಿಲು ತೆರೆಯುತ್ತಿದ್ದಳು.

ಇನ್ನು ತಾಪತ್ರಯದ ಮಾತು.

ಭೋಸರಿಯ ಕಾರ್ಖಾನೆಗಳ ನಡುವೆ ನಮ್ಮದೊಂದು ಸಣ್ಣ ವರ್ಕ್‌ಶಾಪು. ಎರಡು ಲೇಥು, ಒಂದು ಮಿಲ್ಲಿಂಗು, ಒಂದು ಗ್ರೈಂಡಿಂಗು. ಆರು ಜನ ಕೆಲಸಗಾರರು. ಮೋಟಾರು ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರು ಒಂದು ಮೆಟ್ಟಿಲು. ಅವರಿಗೆ ಭಾಗದ ಭಾಗ ಮಾಡಿಕೊಡುವ ನಾವು ಅದರ ಕೆಳಗಿನ ಮೆಟ್ಟಿಲು. ಅರ್ಧಕ್ಕಿಂತ ಹೆಚ್ಚಿನ ಕೆಲಸ ಒಂದೇ ಗಿರಾಕಿಯದು. ಇದು ನಮ್ಮ ಮೊದಲನೆಯ ತಪ್ಪು. ಆ ಗಿರಾಕಿ 2023ರ ದೀಪಾವಳಿಯ ನಂತರ ಬಿಲ್ಲುಗಳನ್ನು ತಡಮಾಡತೊಡಗಿ, 2024ರ ಫೆಬ್ರವರಿಗೆ ಪೂರ್ತಿ ನಿಲ್ಲಿಸಿಬಿಟ್ಟಿತು. ಬಾಕಿ ಬೆಳೆದು 11,40,000 ರೂಪಾಯಿಯಾಯಿತು. ಸಣ್ಣ ಉದ್ದಿಮೆಗಳ ಹಣವನ್ನು 45 ದಿನದೊಳಗೆ ಕೊಡಲೇಬೇಕು, ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾನೂನು ಇದೆ. ದೂರು ಕೊಡಲು 2017ರಿಂದ 'ಸಮಾಧಾನ' ಎಂಬ ಏರ್ಪಾಡೂ ಆಗ ಇತ್ತು. ಕಾನೂನು ನಮ್ಮ ಕಡೆಗಿದೆ ನಿಜ. ಆದರೆ ಗಿರಾಕಿಯೂ ಒಬ್ಬನೇ ಇದ್ದಾನಲ್ಲ! ದೂರು ಕೊಟ್ಟ ಮರುದಿನ ಕೆಲಸ ಬರುವುದು ನಿಂತರೆ ಏನು ಗತಿ ಎಂದು ಹೆದರಿ ಕೈಕಟ್ಟಿ ಕುಳಿತೆವು. ಇದು ಎರಡನೆಯ ತಪ್ಪು.

ಪ್ರತಿ ತಿಂಗಳು 7ನೆಯ ತಾರೀಖಿಗೆ ಪಗಾರ 1,32,000. ಜುಲೈ ಬಂದರೆ ಮಗಳ ಕಾಲೇಜಿನ ಫೀ. ಬ್ಯಾಂಕಿನ ಓವರ್‌ಡ್ರಾಫ್ಟು ಕಂಠದವರೆಗೆ ತುಂಬಿತ್ತು. ಮೇ ತಿಂಗಳ ಒಂದು ರಾತ್ರಿ ಊಟವಾದ ಮೇಲೆ ಮಗಳ ನೋಟುಬುಕ್ಕಿನ ಹಾಳೆಯ ಮೇಲೆ ನಮ್ಮ ಆಸ್ತಿಯ ಪಟ್ಟಿ ಬರೆದೆವು. ಮನೆಯವರ ನಾಲ್ಕು ಬಳೆ, ಧಾರವಾಡದ ಪ್ಲಾಟು, ಎರಡು ಲೇಥು, ಕಾರು. ಪ್ಲಾಟು ಮಾರಲು ಅಣ್ಣತಮ್ಮಂದಿರ ಸಹಿ ಬೇಕು. ಲೇಥು ಮಾರೋಣ, ಒಂದರಲ್ಲಿಯೇ ನಡೆಸೋಣ ಎಂದು ನಾವು ಹೇಳಿದಾಗ ಮನೆಯವರು ಪಟ್ಟಿಯ ಮೇಲೆ ಬೆರಳಿಟ್ಟು, "ಲೇಥು ತಿಂದು ದುಡೀತೈತ್ರಿ, ಕಾರು ಬರೇ ತಿಂತೈತಿ" ಎಂದರು. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಇದಕ್ಕಿಂತ ಹೆಚ್ಚು ಹೇಳಿರಲಾರರು.

ಎಷ್ಟು ತಿನ್ನುತ್ತದೆ ಎಂದು ಲೆಕ್ಕ ಹಾಕಿದೆವು. ಆರು ವರ್ಷದಲ್ಲಿ ಹಾಕದಿದ್ದ ಲೆಕ್ಕ. ತಿಂಗಳಿಗೆ ವಿಮೆ 1,200. ಸರ್ವಿಸು ಮತ್ತು ಬಿಡಿಭಾಗ 2,700. ಟಯರಿನ ಸವೆತ 600. ಸೊಸೈಟಿಯ ಪಾರ್ಕಿಂಗು 500. ಲೀಟರಿಗೆ 104 ರೂಪಾಯಿಯಂತೆ 50 ಲೀಟರು ಪೆಟ್ರೋಲು 5,200. ಒಟ್ಟು 10,200. ಊರಿನ ಪ್ರಯಾಣ ಇದರಲ್ಲಿ ಸೇರಿಲ್ಲ. ಒಬ್ಬ ಹೆಲ್ಪರನ ಅರ್ಧ ಪಗಾರದಷ್ಟು ಹಣವನ್ನು ನಿಂತಲ್ಲಿ ನಿಂತು ತಿನ್ನುತ್ತಿತ್ತು ನಮ್ಮ ಹೋರಿ. ಮಗಳು ಮಾತನಾಡದೆ ಹಾಳೆಯನ್ನು ಮಡಿಸಿ ಒಳಗೆ ಹೋದಳು. ಆ ಗಾಡಿಯಲ್ಲಿಯೇ ಅವಳು ಡ್ರೈವಿಂಗು ಕಲಿತದ್ದು.

ನಿರ್ಧಾರವಾದರೂ ಎರಡು ವಾರ ಏನೂ ಮಾಡಲಿಲ್ಲ. ಮಾರಲೆಂದು ತೊಳೆಯುವುದು, ತೊಳೆದ ಮೇಲೆ ಎಷ್ಟು ಚಂದ ಕಾಣುತ್ತದೆಂದು ಮಾರದಿರುವುದು, ಹೀಗೆ ದಿನ ಹೋಯಿತು.

ಬೆಲೆಯ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಬೇಕು. ಗಾಡಿಯ ಬೆಲೆ ಇಳಿಯುವ ಮೆಟ್ಟಿಲುಗಳನ್ನು ವಿಮೆಯವರು ಬರೆದಿಟ್ಟಿದ್ದಾರೆ: ಮೊದಲ ಆರು ತಿಂಗಳಲ್ಲಿ ನೂರಕ್ಕೆ 5, ವರ್ಷ ತುಂಬುವುದರೊಳಗೆ 15, ಎರಡನೆಯ ವರ್ಷ 20, ಮೂರನೆಯದು 30, ನಾಲ್ಕನೆಯದು 40, ಐದನೆಯದು 50. ಐದು ದಾಟಿದ ಮೇಲೆ ಅವರೂ ನಾವೂ ಒಪ್ಪಿದ್ದೇ ಬೆಲೆ. ನಮ್ಮದು ಹತ್ತು ವರ್ಷದ ಗಾಡಿ. ಅದರ ಮೇಲೆ ಇನ್ನೊಂದು ಪೆಟ್ಟು: ಫಿಯಾಟ್ ಹೆಸರಿನ ಕಾರುಗಳ ಮಾರಾಟ 2019ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಗಿತ್ತು. ತಯಾರಿಕೆ ನಿಂತ ಗಾಡಿಯನ್ನು ಕೊಳ್ಳಲು ಜನ ಹೆದರುವುದು ಸಹಜ. ಕಾರೆಂದರೆ ಅಂಬಾಸಿಡರ್ ಇಲ್ಲವೆ ಫಿಯಾಟ್ ಎಂದು ತಿಳಿದಿದ್ದ ಕಾಲದವರಿಗೆ ಇದು ನಂಬಲಾಗದ ಮಾತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಿದ್ದ ಫಿಯಾಟೇ ಮುಂದೆ ಪದ್ಮಿನಿಯಾಗಿ, ಕರಿಹಳದಿ ಟ್ಯಾಕ್ಸಿಯಾಗಿ, ನಮ್ಮ ಎಷ್ಟೋ ಬಂಧುಗಳನ್ನು ದಾದರದಿಂದ ಮಾಟುಂಗಕ್ಕೆ ಮುಟ್ಟಿಸಿದ್ದು. ಆ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ಮುಗಿದವು. ಇರಲಿ.

ನಮ್ಮ ಮನಸ್ಸಿನಲ್ಲಿದ್ದುದು ಮೂರು ಲಕ್ಷ. ಹಳೆಯ ಗಾಡಿ ಕೊಳ್ಳುವ ಕಂಪನಿಯೊಂದರ ತರುಣ ಮನೆಗೇ ಬಂದ. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಮೈಯೆಲ್ಲ ಆಡಿಸಿ, ಬಲಗಡೆಯ ಹಿಂದಿನ ಬಾಗಿಲಿಗೆ ಎರಡನೆಯ ಸಲ ಬಣ್ಣವಾಗಿದೆ ಎಂದು ಕಂಡುಹಿಡಿದ. ನಮ್ಮ ಸೊಸೈಟಿಯ ಗೇಟಿಗೆ ನಾವೇ ತಾಗಿಸಿದ್ದು ಅದು. ಮೊಬೈಲಿನಲ್ಲಿ ನೂರಾರು ಫೋಟೋ ತೆಗೆದು, ಕೊನೆಗೆ 1,20,000 ಎಂದ. ಮರುದಿನ ಬಂದ ವ್ಯಾಪಾರಿ ಬಾಗಿಲು ಕೂಡ ತೆಗೆದು ನೋಡದೆ 1,05,000 ಎಂದು, "ಪೆಟ್ರೋಲ್, ಅದರಾಗ ಫಿಯಾಟ್!" ಎಂದು ನಕ್ಕ. ಆ ನಗೆಗೆ ನಮಗೆ ಬಂದ ಸಿಟ್ಟನ್ನು ನೆನೆದರೆ ಈಗ ನಮಗೇ ನಗೆ ಬರುತ್ತದೆ. ಅವನು ಗಾಡಿಯ ಬೆಲೆ ಹೇಳಿದ್ದ. ನಾವು ಆರು ವರ್ಷದ ಬೆಲೆ ಕೇಳುತ್ತಿದ್ದೆವು.

ಮೂರನೆಯವರು ಚಿಂಚವಡದ ಒಬ್ಬ ಗೃಹಸ್ಥರು. ಗಾಡಿ ಓಡಿಸಿ ನೋಡಿ, ಮನಃಪೂರ್ವಕವಾಗಿ 1,95,000ಕ್ಕೆ ಒಪ್ಪಿದರು. ಆರ್.ಸಿ. ತೆಗೆದು ನೋಡಿದರೆ ಅದರಲ್ಲಿ ಇನ್ನೂ ಬ್ಯಾಂಕಿನ ಹೆಸರು! ಸಾಲ 2022ರಲ್ಲಿಯೇ ತೀರಿತ್ತು. ತೀರಿದ ಮೇಲೆ ಬ್ಯಾಂಕು ಕೊಡುವ ಎನ್.ಓ.ಸಿ. ಮತ್ತು ಫಾರಂ 35ನ್ನು ಆರ್.ಟಿ.ಓ.ಗೆ ಒಪ್ಪಿಸಿ ಅಡಮಾನದ ನಮೂದನ್ನು ತೆಗೆಸಬೇಕಾಗಿತ್ತು. ನಾವು ಆ ಕಾಗದಗಳನ್ನು ಎಲ್ಲಿಯೋ ಭದ್ರವಾಗಿ ಇಟ್ಟು ಮರೆತಿದ್ದೆವು. ಮಹಾಶಯರು ಒಂದು ವಾರ ಕಾದು, ಕ್ಷಮೆ ಕೇಳಿ, ಬೇರೆ ಗಾಡಿ ಕೊಂಡರು. ಹೊಸದಾಗಿ ಎನ್.ಓ.ಸಿ. ತರಲು, ನಮೂದು ತೆಗೆಸಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಜುಲೈ 7 ಬಂದೇ ಬಂತು. ಮನೆಯವರು ಒಂದು ಮಾತನ್ನೂ ಆಡದೆ ಬಳೆ ತೆಗೆದು ಕೊಟ್ಟರು; ಅಡವಿಟ್ಟು ಪಗಾರ ಮಾಡಿದೆವು. ಸಾಲ ತೀರಿಸಿದ ವಾಚಕರು ಈ ಸಂಚಿಕೆಯನ್ನು ಪಕ್ಕಕ್ಕಿಟ್ಟು ಮೊದಲು ತಮ್ಮ ಆರ್.ಸಿ.ಯನ್ನು ತೆಗೆದು ನೋಡಬೇಕಾಗಿ ವಿನಂತಿ. ನಾವು ಕಾಯುತ್ತೇವೆ.

ಪಗಾರ ತಗೊಳ್ಳುವಾಗ ನಮ್ಮ ಹಿರಿಯ ಟರ್ನರು, ಕಲಬುರಗಿ ಕಡೆಯವನು, ಹಣ ಎಣಿಸದೆ ಕೈಯಲ್ಲೇ ಹಿಡಿದುಕೊಂಡು, "ಮಾಲಕ್ರೇ, ಗಾಡಿ ಮಾರಾಕ ಹತ್ತೀರಂತ? ನಾವು ಒಂದೆರಡ ವಾರ ತಡೀತೀವ್ರಿ" ಎಂದ. ಅವನಿಗೆ ಯಾರು ಹೇಳಿದರೋ ತಿಳಿಯದು. ಅವನು ತಡೆದಾನು, ಅವನ ಬಾಡಿಗೆ ಮನೆಯ ಮಾಲಕ ತಡೆಯಬೇಕಲ್ಲ?

ಅವ್ವನಿಗೆ ತಿಳಿಸುವುದೊಂದು ಉಳಿದಿತ್ತು. ಗಿರಾಕಿ, ಬಾಕಿ, ಓವರ್‌ಡ್ರಾಫ್ಟು ಎಂದು ಪೀಠಿಕೆ ಹಾಕುತ್ತಿದ್ದಂತೆ ಫೋನಿನ ಆ ಕಡೆಯಿಂದ, "ಕಾರು ಮಾರ್ತೀಯೇನು?" ಎಂದಳು. ಹೌದು ಎಂದೆವು.

"ಮಾರು. ನಿಮ್ಮಪ್ಪ ಬರಗಾಲದಾಗ ಎತ್ತು ಮಾರಲಿಲ್ಲೇನು? ಖರೆ, ಎತ್ತ ಕೊಟ್ರೂ ಹಗ್ಗ ಕೊಡತಿದ್ದಿಲ್ಲ. ನೀನೂ ಹಗ್ಗ ಇಟ್ಕೋ."

"ಕಾರಿಗೆ ಹಗ್ಗ ಎಲ್ಲೈತವ್ವಾ?"

"ಏನರ ಇರತೈತಿ, ನೋಡು."

ದನ ಮಾರುವಾಗ ಕೊರಳ ಹಗ್ಗವನ್ನು ಬಿಚ್ಚಿ ಇಟ್ಟುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಹಗ್ಗ ಮನೆಯಲ್ಲಿದ್ದರೆ ದನ ಮತ್ತೆ ಬಂದೀತು ಎಂಬ ನಂಬಿಕೆ. ಅಪ್ಪನ ಕಾಲದ ಅಂಥ ಎರಡು ಹಗ್ಗ ಅಟ್ಟದ ಮೊಳೆಗೆ ನೇತಾಡುತ್ತಿದ್ದುದು ನಮಗೆ ನೆನಪಿದೆ.

ಕೊನೆಗೆ ಬಂದವನು ನಿಪ್ಪಾಣಿಯ ಒಬ್ಬ ತರುಣ, ರೈತರ ಮನೆಯವನು. ಫೋನಿನಲ್ಲಿ ಮರಾಠಿಯಲ್ಲಿ ಶುರುಮಾಡಿ, ನಮ್ಮ ಮರಾಠಿಯ ಧಾಟಿ ಕೇಳಿ ಕನ್ನಡಕ್ಕೆ ಹೊರಳಿದ. "ಗಾಡಿ ಥಂಡ ಇದ್ದಾಗ ನೋಡಬೇಕ್ರಿ. ನಾ ಬರೂ ಮುಂಚೆ ಚಾಲೂ ಮಾಡಬ್ಯಾಡ್ರಿ" ಎಂದ. ಈ ಮಾತಿಗೇ ನಮಗೆ ಅವನ ಮೇಲೆ ಗೌರವ ಬಂತು. ಬಿಸಿಯಾದ ಎಂಜಿನ್ನು ರೋಗ ಮುಚ್ಚಿಡುತ್ತದೆ ಎಂಬುದು ಬಲ್ಲವರಿಗೇ ಗೊತ್ತು. ಬಂದವನು ಬಣ್ಣ ನೋಡಲಿಲ್ಲ. ಮುಚ್ಚಳ ಎತ್ತಿ, ಟರ್ಬೋದ ಕೊಳವೆಗಳನ್ನು ಬೆರಳಿನಿಂದ ಸವರಿ, ಎಣ್ಣೆಯ ಕಡ್ಡಿ ಎಳೆದು ಮೂಸಿ, ಆಮೇಲೆ ಕೀಲಿ ತಿರುಗಿಸಿ ಕಣ್ಣು ಮುಚ್ಚಿ ಕೇಳಿದ.

ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಂದು ಚರ್ಚೆಯಾಗಿತ್ತು. ಮುಂದಿನ ಎಡಚಕ್ರದ ಕಡೆ ಸಸ್ಪೆನ್ಶನ್ನಿನ ಬುಷ್ಷು ಸವೆದಿತ್ತು, ಏ.ಸಿ. ಕಂಪ್ರೆಸರು ಬಿಸಿಲಿನಲ್ಲಿ ಒಮ್ಮೊಮ್ಮೆ ಸದ್ದು ಮಾಡುತ್ತಿತ್ತು. ಕೇಳಿದರೆ ಹೇಳೋಣ, ಕೇಳದಿದ್ದರೆ ಬೇಡ ಎಂದು ನಮ್ಮ ವಾದ. ಅಡವಿಟ್ಟ ಬಳೆಗಳು ಆ ವಾದದ ಹಿಂದೆ ನಿಂತಿದ್ದವು. "ಅವ್ರ ಮನ್ಯಾಗೂ ಒಬ್ಬಾಕಿ ಬಳೆ ಇಟ್ಟs ರೊಕ್ಕ ತಂದಿರಬಹುದ್ರಿ" ಎಂದರು ನಮ್ಮ ಮನೆಯವರು. ಅಲ್ಲಿಗೆ ಚರ್ಚೆ ಮುಗಿಯಿತು. ಎರಡನ್ನೂ ಹೇಳಿದೆವು. ಬಿಲ್ಲುಗಳ ದಪ್ಪ ಕಡತವನ್ನೂ ಕೊಟ್ಟೆವು: ಟೈಮಿಂಗ್ ಬೆಲ್ಟು ಯಾವಾಗ ಬದಲಾಯಿತು, ಎಣ್ಣೆ ಯಾವಾಗ, ಎಲ್ಲ. ತರುಣ 1,60,000 ಎಂದ. ಕರ್ನಾಟಕಕ್ಕೆ ಒಯ್ದ ಮೇಲೆ ಅಲ್ಲಿಯ ತೆರಿಗೆ ತಾನೇ ಕಟ್ಟಬೇಕೆಂಬುದು ಅವನ ವಾದ. ಅದೂ ಸರಿಯೇ, ನಾವೂ ಒಮ್ಮೆ ಅದೇ ತೆರಿಗೆಯ ಹೆಸರಿನಲ್ಲಿ ಡಾಕ್ಟರರೊಡನೆ ಚೌಕಾಸಿ ಮಾಡಿದವರೇ. ಎರಡು ಕಪ್ಪು ಚಹಾ ಮುಗಿಯುವುದರೊಳಗೆ 1,85,000ದಿಂದ ನಾವು ಇಳಿದು, ಅವನು ಹತ್ತಿ, ಬುಷ್ಷಿನ ಸಲುವಾಗಿ ಇನ್ನೂ ಒಂದಿಷ್ಟು ಬಿಟ್ಟು, 1,78,000ಕ್ಕೆ ನಿಂತಿತು. 20,000 ಮುಂಗಡವನ್ನು ಬ್ಯಾಂಕಿಗೇ ಹಾಕಿದ. "ಖರೆ, ಗಾಡಿ ಶ್ರಾವಣದಾಗ ಒಯ್ತೀನ್ರಿ. ನಮ್ಮವ್ವ ಆಷಾಢದಾಗ ಬ್ಯಾಡ ಅಂತಾಳ" ಎಂದ. ಆಷಾಢ ಯಾರಿಗೆ ಅಡ್ಡಿಯಾಯಿತೋ, ನಮಗಂತೂ ಕಾಗದ ಮಾಡಿಸಿಕೊಳ್ಳಲು ಅನುಕೂಲವೇ ಆಯಿತು.

ಕಾಗದಗಳ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಡೆತನ ಬದಲಿಸಲು ಫಾರಂ 29 ಮತ್ತು 30. ಗಾಡಿ ಹೊರರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್.ಓ.ಸಿ. ಕೂಡ, ನಮ್ಮದು ಪಿಂಪರಿ-ಚಿಂಚವಡದ ಆರ್.ಟಿ.ಓ.ದಿಂದ ಚಿಕ್ಕೋಡಿಗೆ. ಅದರ ಮೇಲೆ ಚಾಸಿಸ್ ನಂಬರಿನ ಅಚ್ಚು ಬೇಕು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲು ತಿಕ್ಕುತ್ತಿದ್ದೆವಲ್ಲ, ಅದೇ ವಿದ್ಯೆ. ಮಗಳು ಕುಳಿತು ತಿಕ್ಕಿದಳು. ಆರು ವರ್ಷ ನಾವು ನೋಡದಿದ್ದ ಆ ಹದಿನೇಳು ಅಕ್ಷರಗಳು ಒಂದೊಂದಾಗಿ ಕಾಗದದ ಮೇಲೆ ಎದ್ದು ಬಂದವು. ಮಾರಿದ್ದನ್ನು ಆರ್.ಟಿ.ಓ.ಗೆ ತಿಳಿಸಲು ಒಂದೇ ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನ ಎಂದು ಕಾನೂನಿನ ಗಡುವು. ವಿಮೆಯನ್ನು ಕೊಂಡವರು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಫಾಸ್ಟ್ಯಾಗನ್ನು ನಾವೇ ಮುಚ್ಚಬೇಕು. ಇಲ್ಲವಾದರೆ ಅವರು ಊರೂರು ತಿರುಗುತ್ತಾರೆ, ಟೋಲು ನಮ್ಮ ಖಾತೆಯಿಂದ ಹೋಗುತ್ತದೆ.

ಹಣ ಬಂತು, ಕೀಲಿ ಕೊಟ್ಟೆವು, ಇನ್ನೇನು ಎನ್ನುವವರಿಗೆ ಒಂದು ಮಾತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ. ಒಬ್ಬರು ಗಾಡಿ ಮಾರಿದ್ದರು; ಅದು ಕೈಯಿಂದ ಕೈಗೆ ಹೋಯಿತು; ಆರ್.ಸಿ.ಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತವಾದಾಗ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿದ್ದವರದೇ ಎಂದು ಕೋರ್ಟು ಹೇಳಿತು. ಆದ್ದರಿಂದ ಗಾಡಿ ಕೊಟ್ಟ ದಿನಾಂಕ ಮಾತ್ರವಲ್ಲ, ಗಂಟೆ ನಿಮಿಷವನ್ನೂ ಬರೆದು ಇಬ್ಬರೂ ಸಹಿ ಮಾಡಿರಬೇಕು, ಹೊಸ ಆರ್.ಸಿ.ಯನ್ನು ಕಣ್ಣಾರೆ ಕಾಣುವವರೆಗೆ ಬೆನ್ನು ಬಿಡಬಾರದು. ಸ್ನೇಹಿತರಿಗೆ, ಸಂಬಂಧಿಕರಿಗೆ ಮಾರುವವರು ಇದನ್ನು ಎರಡು ಸಲ ಓದಬೇಕು.

ಇಷ್ಟೆಲ್ಲ ಕಾಗದಗಳ ನಡುವೆ ಒಂದು ಹಗ್ಗವೂ ಸಿಕ್ಕಿತು. ವಿಮೆಯಲ್ಲಿ ನೋ ಕ್ಲೇಮ್ ಬೋನಸ್ ಎಂಬುದಿದೆ. ಸತತ ಐದು ವರ್ಷ ವಿಮೆಯ ಹಣ ಕೇಳದಿದ್ದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತಿನಲ್ಲಿ ನೂರಕ್ಕೆ 50ರವರೆಗೆ ರಿಯಾಯಿತಿ. ಇದು ಗಾಡಿಯ ಜೊತೆ ಹೋಗುವುದಿಲ್ಲ, ಮಾಲಿಕನದು. ಮಾರುವಾಗ ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಬೇರೆ ಗಾಡಿ ಕೊಂಡಾಗ ಸಲ್ಲುತ್ತದೆ. ಅವ್ವನಿಗೆ ಇದನ್ನು ವಿವರಿಸಿದೆವು. "ಮತ್ತ, ನಾ ಏನ್ ಹೇಳಿದ್ದೆ?" ಎಂದಳು.

2024ರ ಆಗಸ್ಟ್ 5, ಶ್ರಾವಣದ ಮೊದಲನೆಯ ದಿನ, ಸೋಮವಾರ. ತರುಣ ಬೆಳಿಗ್ಗೆಯೇ ಬಂದವನು ಒಂಬತ್ತಕ್ಕೆ ರಾಹುಕಾಲ ಮುಗಿಯುವವರೆಗೆ ಅವಲಕ್ಕಿ ತಿನ್ನುತ್ತ ಕುಳಿತ. ಉಳಿದ ಹಣ ಬ್ಯಾಂಕಿಗೆ ಬಂತು. ಕಾಗದಕ್ಕೆ ಸಹಿಯಾಯಿತು: 9 ಗಂಟೆ 20 ನಿಮಿಷ. ಮೀಟರು 1,06,412. ಕೀಲಿಯ ಗೊಂಚಲಲ್ಲಿ ಒಂದು ಹಿತ್ತಾಳೆಯ ಉಂಗುರವಿತ್ತು. ಗಾಡಿ ಬಂದ ವರ್ಷ ನಮ್ಮ ಟರ್ನರು ಉಳಿದ ತುಂಡಿನಿಂದ ಲೇಥಿನ ಮೇಲೆ ಕೊರೆದು ಕೊಟ್ಟದ್ದು. ಅದನ್ನು ಬಿಡಿಸಿ ಕಿಸೆಗೆ ಹಾಕಿಕೊಳ್ಳುವುದನ್ನು ತರುಣ ನೋಡಿದ. ನಾವು ಏನೋ ಸಬೂಬು ಹೇಳಹೋದೆವು.

"ಹಗ್ಗ ಅಲ್ರೀ?" ಎಂದ. ತನ್ನ ಕಿಸೆಯಿಂದ ಹೊಸ ಕೆಂಪು ದಾರವೊಂದನ್ನು ತೆಗೆದು ಕೀಲಿಗೆ ಕಟ್ಟಿಕೊಂಡ.

ಸೊಸೈಟಿಯ ಗೇಟು ದಾಟಿ, ಎಡಕ್ಕೆ ಹೊರಳಿ, ಎರಡು ಸಾವಿರ ಸುತ್ತು ದಾಟಿದ ಸಪ್ಪಳ ಕೇಳಿಸಿತು. ಆ ಮೇಲೆ ಬರಿಯ ರಸ್ತೆ. ಪಾರ್ಕಿಂಗಿನ ಜಾಗದಲ್ಲಿ ನಾಲ್ಕು ಚಕ್ರದ ನಡುವೆ ಧೂಳಿಲ್ಲದ ಒಂದು ಚೌಕ ಉಳಿದಿತ್ತು. ಆ ಸಂಜೆಯ ಮಳೆಗೆ ಅದೂ ಹೋಯಿತು. ಎರಡು ದಿನದ ಮೇಲೆ 7ನೆಯ ತಾರೀಖು. 1,32,000 ಪಗಾರಕ್ಕೆ, ಉಳಿದ 46,000 ಮಗಳ ಫೀಗೆ. ಒಂದು ಕಾರು ಎರಡು ದಿನದಲ್ಲಿ ಕರಗಿತು.

ಕಾರು ಹೋದ ಮೇಲೆ ಒಂದು ಧೈರ್ಯ ಬಂತು. ಏಕೆ ಬಂತೆಂದು ಹೇಳಲಾರೆವು. ಅದೇ ತಿಂಗಳು 'ಸಮಾಧಾನ'ದಲ್ಲಿ ದೂರು ಕೊಟ್ಟೆವು. ಗಿರಾಕಿ ಕೆಲಸ ನಿಲ್ಲಿಸುವುದಾಗಿ ಗದರಿ, ಡಿಸೆಂಬರಿನಲ್ಲಿ ಮೂರು ಲಕ್ಷ ಕೊಟ್ಟಿತು. ಬಳೆ ಮನೆಗೆ ಬಂದವು. ಉಳಿದದ್ದರ ವಿಚಾರಣೆ ಮುಂದುವರಿಯಿತು. ನಾವು ಆ ನಡುವೆ ಬೇರೆ ಎರಡು ಸಣ್ಣ ಗಿರಾಕಿಗಳನ್ನು ಹುಡುಕಿಕೊಂಡೆವು. ಹೊಸ ಆರ್.ಸಿ.ಯ ಫೋಟೋ ಸೆಪ್ಟೆಂಬರಿನ ಕೊನೆಗೆ ನಿಪ್ಪಾಣಿಯಿಂದ ಬಂತು: ಕೆಎ 23. ಕರ್ನಾಟಕದಿಂದ ಬಂದ ನಾವಿಬ್ಬರೂ ಇಲ್ಲಿಯೇ ಉಳಿದಿದ್ದೇವೆ, ಗಾಡಿ ಮಾತ್ರ ಮರಳಿ ಹೋಯಿತು ಎಂದು ಮನೆಯವರು ಅಂದರು. ಅಸೂಯೆಯಿಂದ ಅಂದರೋ ಸಂತೋಷದಿಂದ ಅಂದರೋ ನಾವು ಕೇಳಲಿಲ್ಲ.

ಆ ವರ್ಷದ ದೀಪಾವಳಿಗೆ ಧಾರವಾಡಕ್ಕೆ ರಾತ್ರಿಯ ಬಸ್ಸಿನಲ್ಲಿ ಹೋದೆವು. ಖಂಬಾಟಕಿಯಲ್ಲಿ ಎಲ್ಲರೂ ಮಲಗಿದ್ದರು; ಬಸ್ಸು ಲಾರಿಗಳ ಹಿಂದೆ ಉಸಿರು ಬಿಡುತ್ತ ಹತ್ತಿತು. ನಸುಕಿನಲ್ಲಿ ನಿಪ್ಪಾಣಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಮಗಳು ರಸ್ತೆಯಲ್ಲಿ ಹೋಗುವ ಬಿಳಿ ಗಾಡಿಗಳನ್ನೆಲ್ಲ ನೋಡುತ್ತ ನಿಂತಿದ್ದಳು. ನಮ್ಮದು ಬರಲಿಲ್ಲ. ಧಾರವಾಡದ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೆವು.

ನಾವು ಬಸ್ಸಿಗೆ ಬರುವುದು ಅವ್ವನಿಗೆ ಗೊತ್ತಿತ್ತು. ಹಿಂದಿನ ದಿನವೇ ಫೋನು ಮಾಡಿದ್ದೆವು. ಆದರೂ ಓಣಿಯ ತಿರುವಿಗೆ ಬಂದಾಗ ನೋಡಿದರೆ ಗೇಟಿನ ಎರಡೂ ಬಾಗಿಲು ತೆರೆದಿದ್ದವು. ಆಟೋದವನು ನಮ್ಮನ್ನೊಮ್ಮೆ ನೋಡಿ, ಕೇಳದೆ ಸೀದಾ ಒಳಗೆ ತಂದು ನಿಲ್ಲಿಸಿದ.